ಗ್ಯಾಸ್ ಕಡಿಮೆ ಆಯ್ತಾ? ಮೊದಲು ಕಸ ಹಾಕೋದು ನಿಲ್ಲಿಸಿ

ತರಕಾರಿ ಕಸದಿಂದ ಕರೆಂಟು ಮಾಡುವ ಘಟಕ ಹಾಕಿಸಿಕೊಂಡವರು ನನಗೆ ಫೋನ್ ಮಾಡಿದರೆ ಮಾತು ಹೆಚ್ಚಾಗಿ ಒಂದೇ. "ಸಾರ್, ಗ್ಯಾಸ್ ಕಡಿಮೆ ಆಗಿದೆ, ಜನರೇಟರ್ ಸ್ಟಾರ್ಟ್ ಆಗ್ತಿಲ್ಲ. ನಿನ್ನೆಯಿಂದ ಡಬಲ್ ಕಸ ಹಾಕ್ತಿದೀವಿ." ಆ ಕೊನೆ ಮಾತಿಗೆ ನನಗೆ ಸಿಟ್ಟೇ ಬರುತ್ತದೆ.

ಕಸ ಕೊಳೆಯುವ ಟ್ಯಾಂಕಿನೊಳಗೆ ಒಂದು ಗುಂಪಿನ ಸೂಕ್ಷ್ಮಜೀವಿಗಳು ಸಿಪ್ಪೆ, ಕೊಳೆತ ಟೊಮೆಟೊ ಒಡೆದು ಹುಳಿ ಮಾಡುತ್ತವೆ. ಇನ್ನೊಂದು ಗುಂಪು ಆ ಹುಳಿ ತಿಂದು ಮಿಥೇನ್ ಕೊಡುತ್ತದೆ; ಉರಿದು ಜನರೇಟರ್ ಓಡಿಸುವ ಗ್ಯಾಸ್ ಇದೇ. ಮೊದಲನೆಯವು ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ, ಎರಡನೆಯವಕ್ಕೆ ದಿನಗಳೇ ಬೇಕು. ತರಕಾರಿ ಬೇರೆ ಬೇಗ ಕೊಳೆಯುವ ಮಾಲು. ಜಾಸ್ತಿ ಸುರಿದರೆ ಹುಳಿ ಏರುತ್ತಲೇ ಹೋಗುತ್ತದೆ. ಹುಳಿಯ ಅಳತೆ ಪಿಎಚ್; ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. 7ರ ಆಸುಪಾಸು ಇರಬೇಕಾದ ಅದು 6.5ಕ್ಕಿಂತ ಕೆಳಗಿಳಿದರೆ ಮಿಥೇನ್ ಮಾಡುವವು ಸೋತು ಹೋಗುತ್ತವೆ. ಅಂಥ ಹೊತ್ತಲ್ಲಿ ಇನ್ನೊಂದು ಬುಟ್ಟಿ ಹಾಕುವುದು ಅಜೀರ್ಣವಾದ ಮಗುವಿಗೆ ಹೋಳಿಗೆ ತಿನ್ನಿಸಿದ ಹಾಗೆ.

"ಗ್ಯಾಸ್ ತುಂಬುವ ಬಲೂನು ಉಬ್ಬಿದೆಯಲ್ಲ ಸಾರ್" ಅನ್ನುತ್ತಾರೆ. ಉಬ್ಬಿರಬಹುದು. ಅದರಲ್ಲಿ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಆದರೆ ಎಂಜಿನ್ ಓಡುವುದಿಲ್ಲ.

ಒಂದು ಕಲ್ಯಾಣ ಮಂಟಪದಲ್ಲಿ ಹೀಗೇ ಆಗಿತ್ತು. ಮದುವೆ ಮರುದಿನ ರಾಶಿ ಸಿಪ್ಪೆಯನ್ನು ಒಂದೇ ಸಲ ತುಂಬಿದ್ದರು. ಕಸ ಹಾಕುವ ಅಕ್ಕ ಮೆಲ್ಲಗೆ ಹೇಳಿದರು: "ಹುಳಿ ವಾಸನೆ ಬರ್ತಿದೆ ಅಂತ ಆವತ್ತೇ ಹೇಳ್ದೆ, ಯಾರೂ ಕೇಳ್ಲಿಲ್ಲ." ಮೀಟರು, ಮ್ಯಾನೇಜರು ಹೇಳದ್ದನ್ನು ಅವರ ಮೂಗು ಹೇಳಿತ್ತು. ಈಗ ನಾನು ಎಲ್ಲಿಗೆ ಹೋದರೂ ಮೊದಲು ಮಾತಾಡಿಸುವುದು ಕಸ ಹಾಕುವವರನ್ನೇ.

ಜಾಸ್ತಿ ಸುರಿಯುವುದಕ್ಕೆ ಆಸೆಯೂ ಕಾರಣ. ಹೈದರಾಬಾದಿನ ಬೋವೆನ್‌ಪಲ್ಲಿ ತರಕಾರಿ ಮಾರುಕಟ್ಟೆಯಲ್ಲಿ ದಿನಕ್ಕೆ ಸುಮಾರು 10 ಟನ್ ಕಸದಿಂದ 500 ಯೂನಿಟ್‌ನಷ್ಟು ಕರೆಂಟು ತೆಗೆಯುತ್ತಾರೆ ಎಂದು ಸುದ್ದಿಯಾಗಿತ್ತು. ಆ ಲೆಕ್ಕದಲ್ಲಿ ನಿಮ್ಮ ಅಪಾರ್ಟ್‌ಮೆಂಟಿನ 100 ಕೆ.ಜಿ.ಗೆ 5 ಯೂನಿಟ್. ಮೆಟ್ಟಿಲ ದೀಪಗಳಿಗೆ ಸಾಕು, ಲಿಫ್ಟು ದಿನವಿಡೀ ಓಡಲಿ ಅಂದರೆ ಆಗದು.

ಹುಳಿ ವಾಸನೆ ಬಂದರೆ ಆ ದಿನವೇ ಕಸ ನಿಲ್ಲಿಸಿ. ಪಿಎಚ್ ಕಾಗದದಲ್ಲಿ ನೋಡಿ. ಹೊಸ ಸಗಣಿ ಕಲಸಿ ಹಾಕಬಹುದು. ಸುಣ್ಣದ ತಿಳಿನೀರು ಕೆಲವು ಕಡೆ ನೆರವಾಗುತ್ತದೆ, ಆದರೆ ಅಳತೆಯನ್ನು ನಿಮ್ಮ ಟ್ಯಾಂಕು ನೋಡದೆ ನಾನು ಹೇಳಲಾರೆ. ವಾರವೋ ಎರಡು ವಾರವೋ ಕಾಯಬೇಕಾದೀತು. ಗ್ಯಾಸ್ ನೀಲಿಯಾಗಿ ಉರಿಯತೊಡಗಿದ ಮೇಲೆ ಮೊದಲಿನ ಕಾಲು ಭಾಗದಷ್ಟೇ ಕಸ ಹಾಕಿ, ದಿನಾ ಒಂದೇ ಹೊತ್ತಿಗೆ, ಸಣ್ಣಗೆ ಹೆಚ್ಚಿ.