ಬಲೂನ್ ಒಡೆದದ್ದು ಕೈಯೋ, ಸೊಂಟವೋ?

"ಮೇಡಂ, ನಿನ್ನೆ 400 ಪಾಯಿಂಟ್!" ನನ್ನ ಹತ್ತಿರ ಮಗನನ್ನು ಥೆರಪಿಗೆ ಕರೆತರುವ ಅಪ್ಪ, ಚಪ್ಪಲಿ ಬಿಡುವ ಮೊದಲೇ ಫೋನ್ ಮುಂದೆ ಹಿಡಿದರು. ಮಗನಿಗೆ ಏಳು ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆ ಕಷ್ಟವಾಗುವ ಸ್ಥಿತಿ), ಬಲಗೈ ಬಿಗಿ. ಮನೆಯಲ್ಲಿ ಕ್ಯಾಮೆರಾ ಎದುರು ಕೈ ಚಾಚಿ ಬಲೂನ್ ಒಡೆಯುವ ಆಟ. ವಿಡಿಯೋ ನೋಡಿದೆ. ಬಲೂನ್ ಪಟಪಟ ಒಡೆಯುತ್ತಿವೆ, ಆದರೆ ಮೊಣಕೈ ಮಡಚಿದಲ್ಲೇ ಇದೆ. ಹುಡುಗ ಸೊಂಟದಿಂದ ಇಡೀ ಮೈಯನ್ನೇ ಮುಂದಕ್ಕೆ ತಳ್ಳಿ, ಭುಜವನ್ನು ಕಿವಿವರೆಗೆ ಎತ್ತಿ, ಕೈಯನ್ನು ಹೇಗೋ ಬಲೂನಿನ ತನಕ ಹೊತ್ತುಕೊಂಡು ಹೋಗುತ್ತಿದ್ದಾನೆ.

ಇದನ್ನು ಎಷ್ಟು ಸಲ ಹೇಳಿದ್ದೀನೋ. ಇಂಥ ಬಹಳಷ್ಟು ಆಟಗಳು ಎಣಿಸುವುದು ಕೈ ಎಲ್ಲಿಗೆ ತಲುಪಿತು ಅನ್ನೋದನ್ನ. ಹೇಗೆ ತಲುಪಿತು ಅನ್ನೋದನ್ನ ಅಲ್ಲ. ನಮಗೆ ಬೇಕಿರೋದು ಆ 'ಹೇಗೆ'. ಮೊಣಕೈ ಬಿಚ್ಚಬೇಕು, ಮಣಿಕಟ್ಟು ಮೇಲೇಳಬೇಕು, ಬೆನ್ನು ಇದ್ದಲ್ಲೇ ಇರಬೇಕು. ಮಗು ಮೋಸ ಮಾಡ್ತಿಲ್ಲ, ಪಾಪ. ಸುಲಭದ ದಾರಿ ಹಿಡಿದಿದೆ, ನಾವಾಗಿದ್ರೂ ಅದನ್ನೇ ಮಾಡ್ತಿದ್ವಿ. ಆದರೆ ದಿನಕ್ಕೆ ನೂರಿನ್ನೂರು ಸಲ ಹಾಗೇ ಮಾಡಿದರೆ ಪಳಗೋದು ಸೊಂಟ, ಕೈ ಅಲ್ಲ.

ಯಂತ್ರ ದಡ್ಡ ಅಂತಲ್ಲ. 2010ರಲ್ಲಿ ಬಂದ ಮೊದಲ ಕಿನೆಕ್ಟ್ ಅನ್ನೋ ಆಟದ ಕ್ಯಾಮೆರಾ ಕೂಡ ಮೈಯ 20 ಬಿಂದುಗಳನ್ನು ಗುರುತಿಸುತ್ತಿತ್ತು. ಮೈ ಬಾಗಿದ್ದನ್ನು ಆಟ ಬರೆದವರು ಲೆಕ್ಕಕ್ಕೆ ತಗೋಬೇಕು ಅಷ್ಟೆ. ಬೆರಳು ಮಾತ್ರ ಅದಕ್ಕೆ ಕಾಣುತ್ತಿರಲಿಲ್ಲ. ಬೆರಳಿಗೆ ಲೀಪ್ ಮೋಷನ್ ಥರದ, ಕೈಯನ್ನಷ್ಟೇ ಗಮನಿಸುವ ಪುಟ್ಟ ಸಾಧನ ಇದೆ, ಆದರೆ ಹೆಬ್ಬೆರಳು ಅಂಗೈಯೊಳಗೆ ಸೇರಿ ಮುಷ್ಟಿ ಬಿಗಿದರೆ, ಮರೆಯಾದ ಬೆರಳನ್ನು ಅದು ಊಹಿಸಿ ತೋರಿಸುತ್ತೆ. ನಮ್ಮ ಎಷ್ಟೋ ಮಕ್ಕಳ ಕೈ ಇರೋದೇ ಹಾಗೆ ಅಲ್ವಾ!

ಸರಿ, ಆಟ ಬಿಡಬೇಡಿ. ಬೇಸರವಿಲ್ಲದೆ ನೂರು ಸಲ ಕೈ ಚಾಚಿಸೋದು ನನ್ನಿಂದಾಗಲ್ಲ, ಬಲೂನಿನಿಂದ ಆಗುತ್ತೆ. ಬೆನ್ನು ಒರಗಿಸಿ ಕೂರಿಸಿ, ಪಾದ ನೆಲಕ್ಕೆ ತಾಗಲಿ. ಗುರಿ ಹತ್ತಿರ ಇಡಿ. ವಿಡಿಯೋ ಎದುರಿನಿಂದ ಬೇಡ, ಪಕ್ಕದಿಂದ ತೆಗೀರಿ. ಎಷ್ಟು ಹೊತ್ತು, ಯಾವ ಆಟ ಅನ್ನೋದು ಮಗುವಿನಿಂದ ಮಗುವಿಗೆ ಬೇರೆ, ಅದನ್ನು ನಿಮ್ಮ ಥೆರಪಿಸ್ಟ್ ಹತ್ತಿರವೇ ಕೇಳಿ. ಇನ್ನೊಂದು, ಗಾಳಿಯಲ್ಲಿರೋ ಬಲೂನಿಗೆ ತೂಕವಿಲ್ಲ, ಕೈಗೆ ಸಿಗಲ್ಲ. ಆಟ ಮುಗಿದ ಮೇಲೆ ಟಿಫನ್ ಡಬ್ಬಿ ಮುಚ್ಚಳ ತೆಗೆಸಿ, ಅವರೆಕಾಯಿ ಸುಲಿಸಿ, ಎರಡೂ ಕೈಯಲ್ಲಿ.

ಮುಂದಿನ ವಾರ ಆ ಅಪ್ಪ ಸಪ್ಪೆ ಮುಖ ಮಾಡಿಕೊಂಡು ಬಂದರು. 90 ಪಾಯಿಂಟ್. ವಿಡಿಯೋದಲ್ಲಿ ಮೊಣಕೈ ಸ್ವಲ್ಪವೇ ಸ್ವಲ್ಪ ಬಿಚ್ಚಿತ್ತು. ನಾನು ಕುಣಿಯೋದೊಂದು ಬಾಕಿ. ಹುಡುಗ ಮಾತ್ರ ಮುಖ ಊದಿಸಿಕೊಂಡು ಕೂತಿದ್ದ: "ಆಂಟಿ, ಮುಂಚೆ ಆಡ್ತಿದ್ದಿದ್ದೇ ಚೆನ್ನಾಗಿತ್ತು."