ಕಾರ್-ಟಿ ಅಂದರೆ ಲಸಿಕೆ ಅಲ್ಲ

ಕಾರ್-ಟಿ ಚಿಕಿತ್ಸೆಯನ್ನು ‘ಕ್ಯಾನ್ಸರ್ ಲಸಿಕೆ’ ಅಂತ ಬರೆಯುವುದು ಇನ್ನಾದರೂ ನಿಲ್ಲಬೇಕು. ‘ಸ್ಟೆಮ್ ಸೆಲ್ ಚಿಕಿತ್ಸೆ’ ಅನ್ನುವುದೂ ತಪ್ಪೇ. ಲಸಿಕೆ ಹಾಕಿದರೆ ನಮ್ಮ ಕೋಶಗಳು ಮೈಯೊಳಗೇ ಪಾಠ ಕಲಿಯುತ್ತವೆ. ಇಲ್ಲಿ ರೋಗಿಯ ರಕ್ತದಿಂದ ಟಿ ಕೋಶಗಳನ್ನು (ಕೆಟ್ಟ ಕೋಶಗಳನ್ನು ಕೊಲ್ಲಬಲ್ಲ ಒಂದು ಬಗೆಯ ಬಿಳಿ ರಕ್ತಕಣ) ಹೊರತೆಗೆದು, ಲ್ಯಾಬ್‌ನಲ್ಲಿ ಅವಕ್ಕೆ ಹೊಸ ಜೀನ್ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ, ವಾಪಸ್ ಅದೇ ರೋಗಿಗೆ ಏರಿಸುತ್ತಾರೆ. ಆ ಜೀವಂತ ಕೋಶವೇ ಮದ್ದು.

ಕಾರ್ ಅನ್ನುವುದು ಮೂರು ಪದಗಳ ಮೊದಲಕ್ಷರ: ಕೈಮೆರಿಕ್ ಆಂಟಿಜೆನ್ (ಗುರುತು) ರಿಸೆಪ್ಟರ್ (ಆ ಗುರುತನ್ನು ಹಿಡಿಯುವ ಪ್ರೋಟೀನ್). ಇದರಲ್ಲಿ ಮೊದಲ ಪದವೇ ಜೀವಾಳ. ವಿವರಿಸುವವರು ಹಾರಿಸಿಬಿಡುವುದೂ ಅದನ್ನೇ! ಗ್ರೀಕರ ಕಥೆಗಳಲ್ಲಿ ಕಿಮೈರಾ ಅಂದರೆ ಸಿಂಹ, ಮೇಕೆ, ಹಾವು ಮೂರೂ ಸೇರಿದ, ಬೆಂಕಿ ಉಗುಳುವ ಪ್ರಾಣಿ. ನಮ್ಮ ದೇವಸ್ಥಾನದ ಕಂಬಗಳಲ್ಲಿ ಯಾಳಿ ಇರುತ್ತದಲ್ವಾ, ಸಿಂಹದ ಮೈ, ಆನೆಯ ಸೊಂಡಿಲು, ಅಂಥದ್ದೇ ಜೋಡಣೆ. ಈ ರಿಸೆಪ್ಟರ್‌ನಲ್ಲಿ ಕೋಶದ ಹೊರಗೆ ಚಾಚಿದ ಭಾಗ ಆಂಟಿಬಾಡಿಯಿಂದ (ರೋಗದ ಗುರುತಿಗೆ ಅಂಟಿಕೊಳ್ಳುವ ರಕ್ತದ ಪ್ರೋಟೀನ್) ತಂದದ್ದು, ಗುರುತು ಹಿಡಿಯುವುದಕ್ಕೆ. ಒಳಗಿನ ಭಾಗ ಟಿ ಕೋಶದ್ದು, ಕೊಲ್ಲುವ ಸಂಕೇತ ಕೊಡುವುದಕ್ಕೆ.

ಸುಮ್ನೆ ಮಾಡಿದ ಬೆಸುಗೆಯಲ್ಲ ಇದು. ಮಾಮೂಲಿ ಟಿ ಕೋಶಕ್ಕೆ ಶತ್ರು ನೇರವಾಗಿ ಕಾಣುವುದಿಲ್ಲ. ಎದುರಿನ ಕೋಶ ತನ್ನೊಳಗಿನ ಪ್ರೋಟೀನಿನ ಚೂರನ್ನು ಎಚ್‌ಎಲ್‌ಎ ಅನ್ನುವ, ತಟ್ಟೆಯಂತಿರುವ ಮೇಲ್ಮೈ ಅಣುವಿನ ಮೇಲಿಟ್ಟು ತೋರಿಸಬೇಕು. ಎಷ್ಟೋ ಕ್ಯಾನ್ಸರ್ ಕೋಶಗಳು ಹಾಗೆ ತೋರಿಸುವುದನ್ನೇ ನಿಲ್ಲಿಸಿ ತಪ್ಪಿಸಿಕೊಳ್ಳುತ್ತವೆ. ಆಂಟಿಬಾಡಿಗೆ ಆ ಹಂಗಿಲ್ಲ. ಕೋಶದ ಮೇಲ್ಮೈಯಲ್ಲಿ ಇರುವುದನ್ನು ಇದ್ದ ಹಾಗೇ ಹಿಡಿಯುತ್ತದೆ. ಇವೆರಡನ್ನೂ ಸೇರಿಸಬಹುದು ಅಂತ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಶ್‌ಹಾರ್ ತಂಡ 1989ರಲ್ಲೇ ತೋರಿಸಿತ್ತು. ಅಮೆರಿಕದಲ್ಲಿ ಮೊದಲ ಕಾರ್-ಟಿ ಮದ್ದಿಗೆ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ.

ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಅನ್ನುವ ಕಾರ್-ಟಿ ಮದ್ದಿಗೆ ಭಾರತದಲ್ಲಿ 2023ರಲ್ಲಿ ಒಪ್ಪಿಗೆ ಬಂತು. ಆಮೇಲೆ ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ ಕಾರ್ಟೆಮಿ ಅನ್ನುವ ತನ್ನ ಕಾರ್-ಟಿ ಮದ್ದನ್ನು ತಂದಿತು. ನೆಕ್ಸ್‌ಕಾರ್19 ಅನ್ನುವ ಹೆಸರಿನಲ್ಲಿರುವ 19ನ್ನು ದಯವಿಟ್ಟು ಗಮನಿಸಿ. ಅದು ಸಿಡಿ19, ಬಿ ಕೋಶಗಳ (ಆಂಟಿಬಾಡಿ ತಯಾರಿಗೆ ಬೇಕಾದ ಬಿಳಿ ರಕ್ತಕಣ) ಮೇಲಿರುವ ಗುರುತು. ಹಾಗಾಗಿ ಇದು ಬಿ ಕೋಶದ ಕೆಲವು ಲುಕೇಮಿಯಾ, ಲಿಂಫೋಮಾಗಳಿಗೆ ಮಾತ್ರ, ಅದೂ ಹೆಚ್ಚಾಗಿ ಬೇರೆ ಚಿಕಿತ್ಸೆ ಕೈಕೊಟ್ಟ ಮೇಲೆ. ಆರೋಗ್ಯವಂತ ಬಿ ಕೋಶಗಳಿಗೂ ಅದೇ ಗುರುತು ಇರುವುದರಿಂದ ಅವೂ ಸಾಯುತ್ತವೆ. ಸ್ತನ, ಶ್ವಾಸಕೋಶದ ಗಟ್ಟಿ ಗಡ್ಡೆಗಳ ಮುಂದೆ ಈ ವಿಧಾನ ಇನ್ನೂ ಹೆಣಗುತ್ತಿದೆ. ‘ಕ್ಯಾನ್ಸರ್‌ಗೆ ಮದ್ದು ಬಂತು’ ಅಂತಷ್ಟೇ ಬರೆದರೆ ಆ ರೋಗಿಗಳ ಮನೆಯವರು ಸಾಲಕ್ಕೆ ಓಡಾಡುತ್ತಾರೆ. ಇದು ಲಕ್ಷಗಟ್ಟಲೆ ರೂಪಾಯಿಯ ಮಾತು.

‘ಒಂದೇ ಇಂಜೆಕ್ಷನ್, ಮುಗೀತು’ ಅನ್ನುವುದೂ ಜಾಸ್ತಿಯಾಯಿತು. ಡ್ರಿಪ್ ಬೇಗ ಮುಗಿಯುತ್ತದೆ, ನಿಜ. ಅದಕ್ಕೂ ಮುಂಚೆ ಕೋಶ ತಯಾರಾಗಲು ವಾರಗಟ್ಟಲೆ ಕಾಯಬೇಕು, ಕೀಮೋ ತಗೋಬೇಕು. ಏರಿಸಿದ ಮೇಲೆ ಕೋಶಗಳು ಮೈಯೊಳಗೆ ಒಮ್ಮೆಲೇ ಹೆಚ್ಚಿ, ಸೈಟೋಕೈನ್‌ಗಳು (ರೋಗನಿರೋಧಕ ಕೋಶಗಳು ಬಿಡುವ ಸಂದೇಶದ ಪ್ರೋಟೀನ್‌ಗಳು) ಉಕ್ಕಿ, ಜೋರು ಜ್ವರ ಬರಬಹುದು, ಬಿಪಿ ಕುಸಿಯಬಹುದು. ಕೆಲವರಿಗೆ ಮಾತು ತೊದಲುತ್ತದೆ, ಗೊಂದಲವಾಗುತ್ತದೆ. ಅದಕ್ಕೇ ಡಾಕ್ಟರುಗಳು ಈ ಉಕ್ಕನ್ನು ತಗ್ಗಿಸುವ ಟೋಸಿಲಿಜುಮ್ಯಾಬ್ ಅನ್ನುವ ಮದ್ದನ್ನು ಕೈಗೆ ಸಿಗುವಂತೆ ಇಟ್ಟುಕೊಂಡೇ ಡ್ರಿಪ್ ಶುರು ಮಾಡುತ್ತಾರೆ.