ಬ್ಲ್ಯಾಕ್ ಕರಂಟ್: ಹಣ್ಣೇ ಬೇರೆ, ಬಾಟಲಿಯೇ ಬೇರೆ

ಐಸ್‌ಕ್ರೀಂ ಅಂಗಡಿಗೆ ಹೋದರೆ ನಮ್ಮ ಮನೆಯ ಹುಡುಗಿ ಕೇಳೋದು ಒಂದೇ, ಬ್ಲ್ಯಾಕ್ ಕರಂಟ್. ಮೊನ್ನೆ ಅದರೊಳಗೆ ಹಲ್ಲಿಗೆ ಸಿಗುವ ಕಪ್ಪು ಚೂರು ಏನು ಅಂತ ಚಮಚದಲ್ಲಿ ಬಿಡಿಸಿ ನೋಡಿದೆ. ಒಣದ್ರಾಕ್ಷಿ!

ಈ ಗೊಂದಲ ಹೊಸದೇನಲ್ಲ. ಗ್ರೀಸಿನ ಕೊರಿಂತ್ ಊರಿನ ಹೆಸರು ಹೊತ್ತು ಬರುತ್ತಿದ್ದ ಪುಟ್ಟ ಒಣದ್ರಾಕ್ಷಿಯನ್ನು ಇಂಗ್ಲಿಷರು ಕರಂಟ್ ಅಂದರು. ಆಮೇಲೆ ನೋಡೋಕೆ ಹಾಗೇ ಇದ್ದ ತಮ್ಮೂರಿನ ಪೊದೆಯ ಹಣ್ಣಿಗೂ ಅದೇ ಹೆಸರು ಅಂಟಿತು. ನಿಜವಾದ ಬ್ಲ್ಯಾಕ್ ಕರಂಟ್ ದ್ರಾಕ್ಷಿಯ ನೆಂಟನೂ ಅಲ್ಲ. ಉತ್ತರ ಯುರೋಪಿನ ಮತ್ತು ಉತ್ತರ ಏಷ್ಯಾದ ಗಿಡ ಅದು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕೊರೆಯುವ ಚಳಿ ಸಿಗದಿದ್ದರೆ ಸರಿಯಾಗಿ ಹೂವೇ ಬಿಡೋದಿಲ್ಲ. ಹಾಗಾಗಿ ನಮ್ಮ ಹೊಲದಲ್ಲಿ ಅದನ್ನು ಹುಡುಕಬೇಡಿ.

ಹಣ್ಣು ಮಾತ್ರ ಗಟ್ಟಿ ಆಸಾಮಿ. 100 ಗ್ರಾಂ ತಾಜಾ ಹಣ್ಣಿನಲ್ಲಿ ಸುಮಾರು 180 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಕಿತ್ತಳೆಯಲ್ಲಿ ಇರೋದು 50ರ ಆಸುಪಾಸು. ನಮ್ಮ ದೇಶದ ಲೆಕ್ಕದ ಪ್ರಕಾರ ಒಬ್ಬ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕು. ಅಂದರೆ ಒಂದು ಹಿಡಿ ಹಣ್ಣಿನಲ್ಲಿ ದಿನದ ಕೆಲಸ ಮುಗೀತು. (ಸೀಬೆಹಣ್ಣಿನಲ್ಲೂ 200ಕ್ಕಿಂತ ಜಾಸ್ತಿ ಇದೆ. ಅದನ್ನು ಯಾರೂ ಮೈಕ್ ಹಿಡಿದು ಹೇಳೋದಿಲ್ಲ ಅಷ್ಟೆ.)

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟಕ್ಕೆ ಬ್ರಿಟನ್ನಿಗೆ ಕಿತ್ತಳೆ ಬರೋದೇ ಕಷ್ಟವಾಯಿತು. ಮಕ್ಕಳಿಗೆ ವಿಟಮಿನ್ ಸಿ ಎಲ್ಲಿಂದ ತರೋದು? ತಮ್ಮ ನೆಲದಲ್ಲೇ ಬೆಳೆಯುವ ಈ ಹಣ್ಣನ್ನು ಜಾಸ್ತಿ ಬೆಳೆಯಲು ಸರ್ಕಾರ ಹೇಳಿತು. 1942ರಿಂದ ಅದರ ಸಿರಪ್ಪನ್ನು ಪುಟ್ಟ ಮಕ್ಕಳಿಗೆ ಪುಕ್ಕಟೆ ಹಂಚಿತು.

ಇದೇ ಹಣ್ಣಿನಿಂದ ಮಾಡುವ, ಅದೇ ಕಾಲದ ರೈಬೀನಾ ಅನ್ನುವ ಪಾನೀಯದ ಕಥೆ ಮುಂದೆ ಬೇರೆ ದಾರಿ ಹಿಡಿಯಿತು. 2004ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 14 ವರ್ಷದ ಇಬ್ಬರು ಹುಡುಗಿಯರು ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆ ಅಂತ ಅಂಗಡಿಯ ಜ್ಯೂಸುಗಳಲ್ಲಿ ವಿಟಮಿನ್ ಸಿ ಅಳೆದರು. ಕಿತ್ತಳೆಯ ನಾಲ್ಕು ಪಟ್ಟು ಅಂತ ಜಾಹೀರಾತಿನಲ್ಲಿ ಮೆರೆಯುತ್ತಿದ್ದ ಪಾನೀಯದಲ್ಲಿ ಸಿಕ್ಕಿದ್ದು ಚೂರುಪಾರು. ವಿಷಯ ಕೋರ್ಟಿಗೆ ಹೋಯಿತು. 2007ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 2 ಲಕ್ಷ 17 ಸಾವಿರ ಡಾಲರಿಗೂ ಹೆಚ್ಚು ದಂಡ ಕಟ್ಟಿತು. ಜಾಹೀರಾತಿನ ಮಾತು ಹಣ್ಣಿನ ಮಟ್ಟಿಗೆ ಹೆಚ್ಚುಕಡಿಮೆ ನಿಜವೇ ಆಗಿತ್ತು, ನೋಡಿ. ಬಾಟಲಿಯ ಮಟ್ಟಿಗೆ ಅಲ್ಲ.

ಈ ಹಣ್ಣು ಚರ್ಮಕ್ಕೆ ಒಳ್ಳೆಯದು ಅನ್ನುವ ಮಾತನ್ನೂ ನಾನು ಇದೇ ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡೋದು ಕೊಲಾಜೆನ್ ಅನ್ನುವ ಪ್ರೋಟೀನು. ಮೂರು ಎಳೆ ಸೇರಿಸಿ ಹೊಸೆದ ಹಗ್ಗ ಅಂದುಕೊಳ್ಳಿ. ಎಳೆಗಳು ಬಿಚ್ಚಿಕೊಳ್ಳದಂತೆ ಅಲ್ಲಲ್ಲಿ ಕೊಂಡಿ ಹಾಕುವ ಕಿಣ್ವಗಳಿವೆ. ಅವುಗಳ ಒಳಗಿನ ಕಬ್ಬಿಣ ಕೆಲಸ ಮಾಡುತ್ತಲೇ ಇರಬೇಕಾದರೆ ವಿಟಮಿನ್ ಸಿ ಬೇಕು. ಅದಿಲ್ಲದಿದ್ದರೆ ಹಗ್ಗ ಸಡಿಲ. ಹಿಂದೆ ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದ ನಾವಿಕರಿಗೆ ಒಸಡಲ್ಲಿ ರಕ್ತ ಬರುತ್ತಿದ್ದದ್ದು, ಮಾಗಿದ ಹಳೇ ಗಾಯ ಮತ್ತೆ ಬಾಯಿ ಬಿಡುತ್ತಿದ್ದದ್ದು ಇದರಿಂದಲೇ. ಆದರೆ ಬೇಕಾದಷ್ಟು ಸಿಕ್ಕಿದ ಮೇಲೆ ಇನ್ನೂ ಸುರಿದರೆ ಚರ್ಮವೇನೂ ಹೊಳೆಯೋದಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ.

ಮುಖಕ್ಕೆ ಹಚ್ಚಿದರೆ? ವಿಟಮಿನ್ ಸಿ ಗಾಳಿ, ಬೆಳಕು ತಾಗಿದರೆ ಬೇಗ ಕೆಡುತ್ತದೆ. ಬಾಟಲಿಯಲ್ಲಿ ಸೀರಮ್ ಕಂದು ಬಣ್ಣಕ್ಕೆ ತಿರುಗೋದು ಅದಕ್ಕೇ. ಚರ್ಮದೊಳಗೆ ಇಳಿಯಬೇಕಾದರೆ ಸಾಕಷ್ಟು ಪ್ರಮಾಣ ಬೇಕು, ಹುಳಿಯೂ ಜೋರಾಗಿರಬೇಕು. ಕ್ರೀಮಿನ ಡಬ್ಬಿಯ ಮೇಲೆ ಸುಮ್ನೆ ‘ಬ್ಲ್ಯಾಕ್ ಕರಂಟ್ ಸಾರ’ ಅಂತ ಬರೆದಿದ್ದರೆ ನಾನಂತೂ ಅದಕ್ಕೆ ಜಾಸ್ತಿ ದುಡ್ಡು ಕೊಡೋದಿಲ್ಲ.

ಬೀಜದ ಎಣ್ಣೆಯ ವಿಷಯ ಸ್ವಲ್ಪ ಬೇರೆ. ಅದರಲ್ಲಿ ಗಾಮಾ ಲಿನೋಲೆನಿಕ್ ಆಮ್ಲ ಶೇಕಡಾ 15ರ ಹತ್ತಿರ ಇರುತ್ತದೆ. ಉರಿಯೂತ ತಗ್ಗಿಸುವ ವಸ್ತುಗಳನ್ನು ದೇಹ ಮಾಡಿಕೊಳ್ಳೋದು ಇಂಥ ಕೊಬ್ಬಿನಿಂದ. ಫಿನ್‌ಲೆಂಡಿನಲ್ಲಿ ಈ ಎಣ್ಣೆಯನ್ನು ಬಸುರಿಯರಿಗೂ ಆಮೇಲೆ ಅವರ ಕೂಸುಗಳಿಗೂ ಕೊಟ್ಟು ನೋಡಿದರು. ಒಂದು ವರ್ಷಕ್ಕೆ ಮಕ್ಕಳಲ್ಲಿ ಎಕ್ಸಿಮಾ, ಅಂದರೆ ಇಸುಬು, ಕಡಿಮೆ ಕಂಡಿತು. ಎರಡು ವರ್ಷ ಆಗುವಷ್ಟರಲ್ಲಿ ವ್ಯತ್ಯಾಸ ಅಳಿಸಿಹೋಗಿತ್ತು.

ಇನ್ನು ಆ ಕಡುನೇರಳೆ ಬಣ್ಣ. ಅದು ಆಂಥೋಸಯಾನಿನ್, ನಮ್ಮ ನೇರಳೆ ಹಣ್ಣು ತಿಂದರೆ ನಾಲಿಗೆಗೆ ಮೆತ್ತಿಕೊಳ್ಳುವ ಅದೇ ಜಾತಿಯ ಬಣ್ಣ. ಹುಳಿ ಇದ್ದರೆ ಕೆಂಪು, ಕ್ಷಾರ ತಾಗಿದರೆ ನೀಲಿ. ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರೋದು ಸ್ವಲ್ಪವೇ. ಆದರೆ ಮನೆಯಲ್ಲಿ ಆಟ ಆಡೋಕೆ ಚೆನ್ನಾಗಿದೆ. ನೇರಳೆ ರಸಕ್ಕೆ ಚಿಟಿಕೆ ಅಡುಗೆ ಸೋಡ ಹಾಕಿದೆ. ಬಣ್ಣ ಕಣ್ಣೆದುರೇ ಹಸಿರು ಬೆರೆತ ನೀಲಿಗೆ ತಿರುಗಿತು. ಆಮೇಲೆ ಕರಗಿದ ಬ್ಲ್ಯಾಕ್ ಕರಂಟ್ ಐಸ್‌ಕ್ರೀಂ ಒಂದು ಚಮಚ ತೆಗೆದುಕೊಂಡು ಅದಕ್ಕೂ ಹಾಕಿದೆ. ಕದಲಿಸಿದೆ, ಇನ್ನೊಂದು ಚಿಟಿಕೆ ಹಾಕಿದೆ. ಊಹೂಂ, ಬಣ್ಣ ಜಗ್ಗಲಿಲ್ಲ. ಹುಡುಗಿಯನ್ನು ಕರೆದು ತೋರಿಸೋಣ ಅಂತ ತಿರುಗಿದರೆ, ಉಳಿದ ಕಪ್ ಅವಳ ಕೈಯಲ್ಲಿ ಖಾಲಿಯಾಗಿತ್ತು.